ಜಪಾನಿ ಮೂಲಪದಗಳ ಕಲಿಕೆ

ಜಪಾನಿ ಮೂಲಪದಗಳ ಕಲಿಕೆ ಎಂದರೆ ಜಪಾನಿ ಭಾಷೆಯ ಮಾತು ಮತ್ತು ಬರಹದಲ್ಲಿ ಅತಿ ಹೆಚ್ಚು ಬಾರಿ ಬರುವ ಪದಗಳನ್ನು ಮೊದಲು ಆರಿಸಿ, ಅವುಗಳ ಪ್ರತ್ಯಯ, ಪ್ರಯೋಗ ಮತ್ತು ಲಿಪಿಗಳೊಂದಿಗೆ ರೂಢಿಸಿಕೊಳ್ಳುವ ಭಾಷಾಭ್ಯಾಸ ಕ್ರಮ. ಜಪಾನಿನಲ್ಲಿ ಇಂಥ ಪದಗಳ ಸಮೂಹಕ್ಕೆ ‘ಕಿಹೊನ್ ಗೊಇ’ ಎಂಬ ಹೆಸರಿದೆ. ಕರ್ನಾಟಕದಲ್ಲಿ ಈ ಕಲಿಕೆ ಮುಖ್ಯವಾಗಿ ಉದ್ಯೋಗ, ಉನ್ನತ ಶಿಕ್ಷಣ ಮತ್ತು ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಸಲುವಾಗಿ ನಡೆಯುತ್ತದೆ.

ಈ ಲೇಖನದಲ್ಲಿ ಒಂದು ಪದ ಎಷ್ಟು ಬಾರಿ ಬರುತ್ತದೆ ಎಂಬ ಎಣಿಕೆಯನ್ನು ‘ಆವರ್ತನ’ ಎಂದೂ, ಗೊತ್ತಿರುವ ಪದಗಳು ಒಂದು ಪಠ್ಯದ ಎಷ್ಟು ಭಾಗವನ್ನು ಆವರಿಸುತ್ತವೆ ಎಂಬ ಪ್ರಮಾಣವನ್ನು ‘ವ್ಯಾಪ್ತಿ’ ಎಂದೂ, ವಿಶ್ಲೇಷಣೆಗಾಗಿ ಕೂಡಿಟ್ಟ ಪಠ್ಯಗಳ ಸಂಗ್ರಹವನ್ನು ‘ಪಠ್ಯಕೋಶ’ ಎಂದೂ ಕರೆಯಲಾಗಿದೆ. ಜಪಾನಿ ಪದಗಳನ್ನು ಆ ಭಾಷೆಯ ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

ಹಿನ್ನೆಲೆ

ಯಾವ ಭಾಷೆಯಲ್ಲೇ ಆಗಲಿ, ಕೆಲವೇ ಪದಗಳು ಮತ್ತೆ ಮತ್ತೆ ಬರುತ್ತವೆ, ಬಹುಪಾಲು ಪದಗಳು ಅಪರೂಪಕ್ಕೆ ಕಾಣಿಸಿಕೊಳ್ಳುತ್ತವೆ. ಅಮೆರಿಕದ ಭಾಷಾವಿದ್ವಾಂಸ ಜಾರ್ಜ್ ಕಿಂಗ್ಸ್‌ಲಿ ಜಿಫ್ 1930 ಮತ್ತು 40ರ ದಶಕಗಳಲ್ಲಿ ಈ ಅಸಮ ಹಂಚಿಕೆಯನ್ನು ವಿವರಿಸಿದರು. ಸಿ. ಕೆ. ಆಗ್ಡನ್ 1930ರಲ್ಲಿ 850 ಪದಗಳ ಸರಳ ಇಂಗ್ಲಿಷನ್ನು ಪ್ರಕಟಿಸಿದ ಬಳಿಕ ಅದೇ ಮಾದರಿಯಲ್ಲಿ ದೊಇ ಕೋಚಿ 1933ರಲ್ಲಿ ‘ಕಿಸೊ ನಿಹೊಂಗೊ’ ಎಂಬ ಸೀಮಿತ ಪದಗಳ ಜಪಾನಿಯನ್ನು ರೂಪಿಸಿದರು.

ಎಣಿಕೆಯನ್ನು ಆಧರಿಸಿದ ಅಧ್ಯಯನ ಬಲಗೊಂಡದ್ದು 1948ರಲ್ಲಿ ಜಪಾನಿನ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆ ಸ್ಥಾಪನೆಯಾದ ಮೇಲೆ. ಈ ಸಂಸ್ಥೆ 1956ರಲ್ಲಿ ಪ್ರಕಟವಾದ 90 ನಿಯತಕಾಲಿಕಗಳ ಪದಬಳಕೆಯನ್ನು ಎಣಿಸಿ, ಫಲಿತಾಂಶವನ್ನು 1960ರ ದಶಕದಲ್ಲಿ ಹೊರತಂದಿತು. ಅದೇ ಸಂಸ್ಥೆ ಪುಸ್ತಕ, ಪತ್ರಿಕೆ, ಅಂತರ್ಜಾಲ ಮೊದಲಾದ ಮೂಲಗಳಿಂದ ಸುಮಾರು 10 ಕೋಟಿ ಪದಗಳನ್ನು ಸಂಗ್ರಹಿಸಿ ಸಮತೋಲಿತ ಪಠ್ಯಕೋಶವೊಂದನ್ನು 2011ರಲ್ಲಿ ಬಳಕೆಗೆ ತೆರೆಯಿತು. ವಿದೇಶಿ ಕಲಿಯುವವರಿಗಾಗಿ 5,000 ಪದಗಳನ್ನು ಆವರ್ತನದ ಕ್ರಮದಲ್ಲಿ ಕೊಡುವ ನಿಘಂಟು 2013ರಲ್ಲಿ ಇಂಗ್ಲಿಷ್ ವಿವರಣೆಯೊಂದಿಗೆ ಪ್ರಕಟವಾಯಿತು.

ಪದಸಂಪತ್ತಿನ ಸ್ವರೂಪ

ಜಪಾನಿ ಪದಗಳನ್ನು ಮೂಲದ ದೃಷ್ಟಿಯಿಂದ ನಾಲ್ಕು ವರ್ಗಗಳಾಗಿ ವಿಂಗಡಿಸುತ್ತಾರೆ. ‘ವಗೊ’ ಎಂದರೆ ಜಪಾನಿನದೇ ಆದ ದೇಶ್ಯ ಪದಗಳು. ‘ಕಂಗೊ’ ಎಂದರೆ ಚೀನೀ ಮೂಲದ ಪದಗಳು ಮತ್ತು ಚೀನೀ ಅಕ್ಷರಗಳಿಂದ ಜಪಾನಿನಲ್ಲೇ ಕಟ್ಟಿದ ಪದಗಳು. ‘ಗೈರೈಗೊ’ ಎಂದರೆ ಮುಖ್ಯವಾಗಿ ಐರೋಪ್ಯ ಭಾಷೆಗಳಿಂದ ಬಂದ ಅನ್ಯದೇಶ್ಯ ಪದಗಳು. ಇವುಗಳ ಬೆರಕೆಯಿಂದ ಆದವು ‘ಕೊನ್‌ಶುಗೊ’. ಕನ್ನಡ ವ್ಯಾಕರಣದ ದೇಶ್ಯ, ತತ್ಸಮ, ಅನ್ಯದೇಶ್ಯ ಎಂಬ ವಿಂಗಡಣೆಗೆ ಇದು ಹತ್ತಿರದ್ದು. ಶಾಸ್ತ್ರ, ಆಡಳಿತ, ಶಿಕ್ಷಣಗಳಿಗೆ ಸಂಬಂಧಿಸಿದ ಮಾತಿನಲ್ಲಿ ಕನ್ನಡಕ್ಕೆ ಸಂಸ್ಕೃತ ಒದಗಿದಂತೆ ಜಪಾನಿಗೆ ಕಂಗೊ ಒದಗಿದೆ.

90 ನಿಯತಕಾಲಿಕಗಳ ಎಣಿಕೆಯಲ್ಲಿ, ಬೇರೆ ಬೇರೆ ಪದಗಳ ಸಂಖ್ಯೆಯ ಲೆಕ್ಕದಲ್ಲಿ ಕಂಗೊ ಶೇ. 47.5 ಮತ್ತು ವಗೊ ಶೇ. 36.7ರಷ್ಟಿದ್ದವು. ಬಳಕೆಯಾದ ಒಟ್ಟು ಬಾರಿಯ ಲೆಕ್ಕದಲ್ಲಿ ಈ ಕ್ರಮ ತಿರುಗುಮುರುಗಾಗಿ ವಗೊ ಶೇ. 53.9 ಮತ್ತು ಕಂಗೊ ಶೇ. 41.3ರಷ್ಟಾದವು. ದಿನಬಳಕೆಯ ಕ್ರಿಯಾಪದಗಳೂ ಸರ್ವನಾಮಗಳೂ ಬಹುಮಟ್ಟಿಗೆ ವಗೊ ಆಗಿರುವುದೇ ಇದಕ್ಕೆ ಕಾರಣ.

ವ್ಯಾಪ್ತಿಯ ವಿಷಯದಲ್ಲಿ ಜಪಾನಿ ಐರೋಪ್ಯ ಭಾಷೆಗಳಿಗಿಂತ ಭಿನ್ನ. ಅತಿ ಹೆಚ್ಚು ಬಳಕೆಯ 1,000 ಪದಗಳು ಇಂಗ್ಲಿಷ್ ಮತ್ತು ಫ್ರೆಂಚ್ ಪಠ್ಯಗಳ ಶೇ. 80ಕ್ಕೂ ಹೆಚ್ಚು ಭಾಗವನ್ನು ಆವರಿಸಿದರೆ, ಜಪಾನಿಯಲ್ಲಿ ಆವರಿಸುವುದು ಸುಮಾರು ಶೇ. 60 ಭಾಗವನ್ನು ಮಾತ್ರ. ಜಪಾನಿಯಲ್ಲಿ 5,000 ಪದಗಳಿಂದ ಸುಮಾರು ಶೇ. 82, 10,000 ಪದಗಳಿಂದ ಸುಮಾರು ಶೇ. 92 ವ್ಯಾಪ್ತಿ ಸಿಗುತ್ತದೆ. ಹೀಗಾಗಿ ಮೂಲಪದಗಳ ಪಟ್ಟಿ ಸಂಭಾಷಣೆಗೆ ದಾರಿ ಮಾಡಿಕೊಡುತ್ತದೆಯೇ ಹೊರತು ಪತ್ರಿಕೆ ಓದುವುದಕ್ಕೆ ಅದೊಂದೇ ಸಾಲದು.

ಮೂಲಪದಗಳ ವರ್ಗಗಳು

ಪ್ರತ್ಯಯಗಳು: ಆವರ್ತನ ಪಟ್ಟಿಗಳ ಮೇಲ್ತುದಿಯಲ್ಲಿರುವುದು ನಾಮಪದದ ನಂತರ ಸೇರುವ ಪ್ರತ್ಯಯಗಳು. ‘ನೊ’ ಷಷ್ಠಿಯ ಕೆಲಸ ಮಾಡುತ್ತದೆ. ‘ಒ’ ಕನ್ನಡದ ‘ಅನ್ನು’ವಿಗೆ, ‘ಕರ’ ‘ಇಂದ’ಕ್ಕೆ, ‘ಮದೆ’ ‘ವರೆಗೆ’ಗೆ, ‘ಮೊ’ ‘ಊ’ಗೆ ಸರಿಹೊಂದುತ್ತವೆ. ‘ನಿ’ ಸಂದರ್ಭಕ್ಕೆ ತಕ್ಕಂತೆ ‘ಗೆ’ ಅಥವಾ ‘ಅಲ್ಲಿ’ ಆಗುತ್ತದೆ. ‘ದೆ’ ಕ್ರಿಯೆ ನಡೆಯುವ ಸ್ಥಳವನ್ನೂ ಸಾಧನವನ್ನೂ ಸೂಚಿಸುತ್ತದೆ. ‘ವ’ ವಾಕ್ಯದ ವಿಷಯವನ್ನೂ ‘ಗ’ ಕರ್ತೃವನ್ನೂ ಗುರುತಿಸುತ್ತವೆ. ಈ ಎರಡರ ವ್ಯತ್ಯಾಸಕ್ಕೆ ಕನ್ನಡದಲ್ಲಿ ನೇರ ಸಮಾನ ಪ್ರತ್ಯಯಗಳಿಲ್ಲ.

ನಿರ್ದೇಶಕ ಪದಗಳು: ‘ಕೊರೆ’ ಮಾತಾಡುವವರ ಹತ್ತಿರದ್ದು, ‘ಸೊರೆ’ ಕೇಳುವವರ ಹತ್ತಿರದ್ದು, ‘ಅರೆ’ ಇಬ್ಬರಿಗೂ ದೂರದ್ದು, ‘ದೊರೆ’ ಪ್ರಶ್ನಾರ್ಥಕ. ಇದೇ ಕ್ರಮದಲ್ಲಿ ಸ್ಥಳವಾಚಕಗಳು ಕೊಕೊ, ಸೊಕೊ, ಅಸೊಕೊ, ದೊಕೊ. ಹೊಸಗನ್ನಡದಲ್ಲಿ ಇದು–ಅದು ಎಂಬ ಎರಡೇ ಹಂತಗಳಿವೆ. ಹಳಗನ್ನಡದಲ್ಲಿ ‘ಇವಂ’, ‘ಅವಂ’ಗಳ ನಡುವೆ ‘ಉವಂ’ ಎಂಬ ಮಧ್ಯಸ್ಥ ರೂಪವೂ ಇತ್ತು.

ಕ್ರಿಯಾಪದಗಳು: ಸುರು (ಮಾಡು), ಅರು ಮತ್ತು ಇರು (ಇರು), ನರು (ಆಗು), ಇಉ (ಹೇಳು), ಇಕು (ಹೋಗು), ಕುರು (ಬಾ), ಮಿರು (ನೋಡು), ಒಮೊಉ (ಅಂದುಕೊ), ತಬೆರು (ತಿನ್ನು), ನೊಮು (ಕುಡಿ) ಮೊದಲಾದವು ಆರಂಭದಲ್ಲೇ ಬೇಕಾಗುತ್ತವೆ. ‘ಇರು’ ಜನರಿಗೂ ಪ್ರಾಣಿಗಳಿಗೂ, ‘ಅರು’ ವಸ್ತುಗಳಿಗೂ ಮೀಸಲು. ‘ನೆಕೊ ಗ ಇಮಸು’ ಎಂದರೆ ಬೆಕ್ಕು ಇದೆ, ‘ಹೊನ್ ಗ ಅರಿಮಸು’ ಎಂದರೆ ಪುಸ್ತಕ ಇದೆ. ಕ್ರಿಯಾಪದಗಳಲ್ಲಿ ಎರಡು ದೊಡ್ಡ ಗಣಗಳಿದ್ದು, ಸುರು ಮತ್ತು ಕುರು ಎಂಬ ಎರಡೇ ಪದಗಳನ್ನು ಅನಿಯತ ಗಣವೆಂದು ಕಲಿಸುತ್ತಾರೆ. ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷಗಳ ಪ್ರತ್ಯಯ ಸೇರುವುದಿಲ್ಲ.

ನಾಮಪದಗಳು: ಹಿತೊ (ವ್ಯಕ್ತಿ), ಕೊತೊ (ವಿಷಯ), ಮೊನೊ (ವಸ್ತು), ತೊಕಿ (ಸಮಯ), ತೊಕೊರೊ (ಜಾಗ) ಪಟ್ಟಿಗಳ ಮೇಲ್ಭಾಗದಲ್ಲಿ ಬರುತ್ತವೆ. ಬಂಧುವಾಚಕಗಳಲ್ಲಿ ಕನ್ನಡದಂತೆಯೇ ಹಿರಿಯ–ಕಿರಿಯ ಭೇದವಿದೆ: ಅನಿ (ಅಣ್ಣ), ಒತೋತೊ (ತಮ್ಮ), ಅನೆ (ಅಕ್ಕ), ಇಮೋತೊ (ತಂಗಿ). ತನ್ನ ಅಣ್ಣನ ಬಗ್ಗೆ ಹೊರಗಿನವರ ಮುಂದೆ ‘ಅನಿ’ ಎನ್ನುತ್ತಾರೆ, ಅಣ್ಣನನ್ನು ಕರೆಯುವಾಗ ಮತ್ತು ಬೇರೆಯವರ ಅಣ್ಣನನ್ನು ಹೆಸರಿಸುವಾಗ ‘ಒನೀಸನ್’ ಎನ್ನುತ್ತಾರೆ. ವಾರದ ಹೆಸರುಗಳು ಕನ್ನಡದ ಗ್ರಹಕ್ರಮವನ್ನೇ ಅನುಸರಿಸುತ್ತವೆ. ‘ನಿಚಿಯೋಬಿ’ ಸೂರ್ಯನ ದಿನವಾದ ಭಾನುವಾರ, ‘ಗೆತ್ಸುಯೋಬಿ’ ಚಂದ್ರನ ದಿನವಾದ ಸೋಮವಾರ.

ಆಹಾರಕ್ಕೆ ಸಂಬಂಧಿಸಿದ ಪದಗಳಲ್ಲಿ ಕೊಮೆ (ಅಕ್ಕಿ) ಮತ್ತು ಗೊಹನ್ (ಅನ್ನ, ಊಟ) ಮೂಲಪದಗಳು. ಇನೆ (ಭತ್ತದ ಪೈರು), ಮೊಮಿ (ಸಿಪ್ಪೆಸಹಿತ ಭತ್ತ) ಆರಂಭಿಕ ಪಟ್ಟಿಗಳಿಂದ ಹೊರಗಿರುತ್ತವೆ. ಕನ್ನಡದಲ್ಲಿರುವ ಪೈರು, ಭತ್ತ, ಅಕ್ಕಿ, ಅನ್ನ ಎಂಬ ಭೇದಗಳೆಲ್ಲ ಜಪಾನಿಯಲ್ಲೂ ಬೇರೆ ಬೇರೆ ಪದಗಳಾಗಿಯೇ ಇವೆ. ಗದ್ದೆ ಎಂಬರ್ಥದ ‘ತ’ದ ಅಕ್ಷರ ಜಪಾನಿನ ಮಕ್ಕಳು ಒಂದನೇ ತರಗತಿಯಲ್ಲಿ ಕಲಿಯುವ 80 ಚಿತ್ರಾಕ್ಷರಗಳಲ್ಲಿ ಒಂದು. ತನಕ, ಹೊಂದ ಮೊದಲಾದ ಮನೆತನದ ಹೆಸರುಗಳನ್ನು ಬರೆಯುವುದೂ ಇದೇ ಅಕ್ಷರದಿಂದ.

ಸಂಖ್ಯೆಗಳು: 1ರಿಂದ 10ರವರೆಗೆ ಹಿತೊತ್ಸು, ಫುತತ್ಸು ಎಂಬ ದೇಶ್ಯ ಸರಣಿಯೂ ಇಚಿ, ನಿ, ಸನ್ ಎಂಬ ಚೀನೀ ಮೂಲದ ಸರಣಿಯೂ ಬಳಕೆಯಲ್ಲಿವೆ. ವಸ್ತುವಿನ ಆಕಾರ, ಸ್ವಭಾವಗಳಿಗೆ ತಕ್ಕಂತೆ ಸಂಖ್ಯೆಗೆ ಗಣನಾಪದ ಸೇರುತ್ತದೆ. ಉದ್ದನೆಯ ವಸ್ತುವಿಗೆ ‘ಹೊನ್’, ಹಾಳೆಯಂಥ ತೆಳುವಾದದ್ದಕ್ಕೆ ‘ಮೈ’, ಪುಸ್ತಕಕ್ಕೆ ‘ಸತ್ಸು’, ವಾಹನ ಮತ್ತು ಯಂತ್ರಕ್ಕೆ ‘ದೈ’. ಸೇರುವಾಗ ಧ್ವನಿ ಬದಲಾಗುವುದೂ ಉಂಟು: ಇಪ್ಪೊನ್ (ಒಂದು), ನಿಹೊನ್ (ಎರಡು), ಸಂಬೊನ್ (ಮೂರು). ಕನ್ನಡದಲ್ಲಿ ಜನರಿಗೆ ‘ಇಬ್ಬರು, ಮೂವರು’ ಎನ್ನುವಂತೆ ಜಪಾನಿಯಲ್ಲಿ ‘ಫುತರಿ, ಸನ್ನಿನ್’ ಎನ್ನುತ್ತಾರೆ. ದೊಡ್ಡ ಸಂಖ್ಯೆಗಳನ್ನು 10,000ದ ಗುಂಪಿನಲ್ಲಿ ಎಣಿಸುತ್ತಾರೆ. 10,000 ‘ಇಚಿಮನ್’, 1 ಲಕ್ಷ ‘ಜೂಮನ್’, 10 ಲಕ್ಷ ‘ಹ್ಯಕುಮನ್’, 1 ಕೋಟಿ ‘ಇಸ್ಸೆನ್‌ಮನ್’, 10 ಕೋಟಿ ‘ಇಚಿಒಕು’.

ಮರ್ಯಾದೆಯ ಪದಗಳು: ‘ಸನ್’ ಇತರರ ಹೆಸರಿನ ನಂತರ ಸೇರುತ್ತದೆ, ತನ್ನ ಹೆಸರಿಗೆ ಸೇರಿಸುವಂತಿಲ್ಲ. ಸಾಮಾನ್ಯ ಸಭ್ಯ ರೂಪ, ಎದುರಿನವರನ್ನು ಏರಿಸುವ ಗೌರವ ರೂಪ, ತನ್ನನ್ನು ತಗ್ಗಿಸಿಕೊಳ್ಳುವ ವಿನಯ ರೂಪ ಎಂದು ಮರ್ಯಾದೆಯ ಮಾತಿನಲ್ಲಿ ಮೂರು ಬಗೆಗಳಿವೆ. ‘ಇಉ’ (ಹೇಳು) ಎಂಬುದರ ಗೌರವ ರೂಪ ‘ಒಶ್ಶರು’, ವಿನಯ ರೂಪ ‘ಮೋಸು’.

ಕನ್ನಡದೊಂದಿಗೆ ಹೋಲಿಕೆ

ಕನ್ನಡ, ಜಪಾನಿ ಎರಡರಲ್ಲೂ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತದೆ, ಪ್ರತ್ಯಯ ನಾಮಪದದ ನಂತರ ಬರುತ್ತದೆ. ‘ವತಶಿ ವ ಬಸವಾಪಟ್ಟಣ ಕರ ಕಿಮಶಿತ’ ಎಂಬ ವಾಕ್ಯವನ್ನು ‘ನಾನು ಬಸವಾಪಟ್ಟಣದಿಂದ ಬಂದೆ’ ಎಂದು ಪದಕ್ರಮ ಬದಲಿಸದೆ ಹೇಳಬಹುದು. ನಾಮಪದಕ್ಕೆ ‘ಸುರು’ ಸೇರಿಸಿ ಕ್ರಿಯಾಪದ ಮಾಡುವ ರೀತಿ ಕನ್ನಡದ ‘ಮಾಡು’ವಿನಂತೆಯೇ ಇದೆ: ಬೆಂಕ್ಯೋ ಸುರು (ಅಭ್ಯಾಸ ಮಾಡು), ರ್ಯೋರಿ ಸುರು (ಅಡುಗೆ ಮಾಡು), ದೆನ್ವ ಸುರು (ಫೋನ್ ಮಾಡು).

ಹೋಲಿಕೆ ಇನ್ನೂ ಸ್ಪಷ್ಟವಾಗುವುದು ಸಂಯುಕ್ತ ಕ್ರಿಯಾಪದಗಳಲ್ಲಿ. ಜಪಾನಿಯ ‘ತೆ’ ರೂಪ ಕನ್ನಡದ ‘ತಿಂದು, ಬರೆದು’ ಎಂಬ ಭೂತಕೃದ್ವಾಚಿಯ ಸ್ಥಾನದಲ್ಲಿ ನಿಲ್ಲುತ್ತದೆ. ‘ತಬೆತೆ ಮಿರು’ ಎಂದರೆ ತಿಂದು ನೋಡು, ‘ತಬೆತೆ ಶಿಮಉ’ ಎಂದರೆ ತಿಂದುಬಿಡು, ‘ಕೈತೆ ಒಕು’ ಎಂದರೆ ಬರೆದಿಡು. ಮೂರರಲ್ಲೂ ಎರಡನೆಯ ಕ್ರಿಯಾಪದ ಎರಡು ಭಾಷೆಗಳಲ್ಲಿ ಒಂದೇ ಬಗೆಯ ಅರ್ಥಛಾಯೆ ಕೊಡುತ್ತದೆ. ಮಿರು, ಒಕು, ಶಿಮಉಗಳಂಥ ಮೂಲಪದಗಳು ಹೀಗೆ ಸ್ವತಂತ್ರ ಕ್ರಿಯಾಪದವಾಗಿಯೂ ಸಹಾಯಕವಾಗಿಯೂ ದುಡಿಯುವುದರಿಂದ ಅವುಗಳ ಆವರ್ತನ ಹೆಚ್ಚು.

ವ್ಯತ್ಯಾಸಗಳೂ ಇವೆ. ‘ನನಗೆ ಕಾಫಿ ಇಷ್ಟ’ ಎಂಬಲ್ಲಿ ಕನ್ನಡ ಚತುರ್ಥಿ ಬಳಸಿದರೆ ಜಪಾನಿ ‘ವತಶಿ ವ ಕೋಹೀ ಗ ಸುಕಿ ದೆಸು’ ಎನ್ನುತ್ತದೆ. ಇಲ್ಲಿ ‘ವತಶಿ ನಿ’ ಎಂದರೆ ತಪ್ಪಾಗುತ್ತದೆ. ಕನ್ನಡದ ‘ಕೊಡು’ವಿನ ಎಡೆಯಲ್ಲಿ ಬೇರೆಯವರಿಗೆ ಕೊಡುವುದಕ್ಕೆ ‘ಅಗೆರು’, ತನಗೆ ಅಥವಾ ತನ್ನವರಿಗೆ ಕೊಡುವುದಕ್ಕೆ ‘ಕುರೆರು’ ಎಂಬ ಎರಡು ಪದಗಳಿವೆ. ಕನ್ನಡದ ಬಳಕೆಮಾತಿನ ‘ಹಾಕಿಕೊ’ ಎಂಬ ಒಂದು ಪದದ ಜಾಗದಲ್ಲಿ ಅಂಗಿಗೆ ‘ಕಿರು’, ಪ್ಯಾಂಟು ಮತ್ತು ಚಪ್ಪಲಿಗೆ ‘ಹಕು’, ಟೊಪ್ಪಿಗೆಗೆ ‘ಕಬುರು’, ಕನ್ನಡಕಕ್ಕೆ ‘ಕಕೆರು’ ಬರುತ್ತವೆ.

ಜಪಾನಿ ಮತ್ತು ದ್ರಾವಿಡ ಭಾಷೆಗಳಿಗೆ ಚಾರಿತ್ರಿಕ ಸಂಬಂಧವಿದೆ ಎಂಬ ವಾದವನ್ನು ಜಪಾನಿನ ವಿದ್ವಾಂಸ ಓನೊ ಸುಸುಮು (1919–2008) ತಮಿಳನ್ನು ಆಧರಿಸಿ ಮಂಡಿಸಿದ್ದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಬೌದ್ಧಧರ್ಮದ ಮೂಲಕ ಚೀನೀ ದಾರಿಯಾಗಿ ಸಂಸ್ಕೃತ, ಪಾಲಿಗಳ ಪದಗಳು ಜಪಾನಿಗೆ ಹೋಗಿರುವುದು ಖಚಿತ. ಧ್ಯಾನದಿಂದ ‘ಜ಼ೆನ್’, ಪಾತ್ರದಿಂದ ‘ಹಚಿ’ (ಬಟ್ಟಲು), ನರಕದಿಂದ ‘ನರಕು’ ಬಂದಿವೆ.

ಲಿಪಿ ಮತ್ತು ಉಚ್ಚಾರಣೆ

ಜಪಾನಿ ಬರವಣಿಗೆಯಲ್ಲಿ ಹಿರಗನ, ಕತಕನ ಎಂಬ ಎರಡು ಧ್ವನಿಲಿಪಿಗಳೂ ಕಂಜಿ ಎಂಬ ಚಿತ್ರಾಕ್ಷರಗಳೂ ಒಟ್ಟಿಗೆ ಬರುತ್ತವೆ. ಹಿರಗನ, ಕತಕನಗಳಲ್ಲಿ ತಲಾ 46 ಮೂಲಾಕ್ಷರಗಳಿವೆ. ಅಕ್ಷರಗಳ ಅ, ಇ, ಉ, ಎ, ಒ ಮತ್ತು ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದ ಮೇಲೆ ಭಾರತೀಯ ವರ್ಣಮಾಲೆಯ ಪ್ರಭಾವವಿದೆ. ಸಾಮಾನ್ಯ ಬಳಕೆಯ ಕಂಜಿಗಳ ಸರ್ಕಾರಿ ಪಟ್ಟಿಯಲ್ಲಿ 1946ರಲ್ಲಿ 1,850, 1981ರಲ್ಲಿ 1,945 ಅಕ್ಷರಗಳಿದ್ದವು. 2010ರ ಪರಿಷ್ಕರಣೆಯ ನಂತರ ಆ ಸಂಖ್ಯೆ 2,136.

ಹ್ರಸ್ವ–ದೀರ್ಘ ಮತ್ತು ಒತ್ತಕ್ಷರಗಳು ಅರ್ಥವನ್ನೇ ಬದಲಿಸುತ್ತವೆ. ಒಜಿಸನ್ (ಚಿಕ್ಕಪ್ಪ, ಮಾವ), ಒಜೀಸನ್ (ಅಜ್ಜ); ಕಿತೆ (ಬಂದು), ಕಿತ್ತೆ (ಅಂಚೆಚೀಟಿ). ಎ–ಏ, ಒ–ಓಗಳಿಗೆ ಪ್ರತ್ಯೇಕ ಅಕ್ಷರಗಳಿರುವ ಕನ್ನಡ ಲಿಪಿಯಲ್ಲಿ ಈ ಭೇದಗಳನ್ನು ನಿಖರವಾಗಿ ಗುರುತಿಸಬಹುದು. ‘ತ್ಸು’, ‘ಜ಼’ ಧ್ವನಿಗಳನ್ನೂ ಸ್ವರದ ಏರಿಳಿತವನ್ನೂ ಕೇಳಿಯೇ ಕಲಿಯಬೇಕು. ‘ಹಶಿ’ ಎಂಬುದು ಏರಿಳಿತಕ್ಕೆ ತಕ್ಕಂತೆ ಸೇತುವೆಯೂ ಆಗುತ್ತದೆ, ಊಟದ ಕಡ್ಡಿಯೂ ಆಗುತ್ತದೆ. ಇಂಗ್ಲಿಷ್ ಮೂಲಕ ಬಂದ ಹೆಸರುಗಳಲ್ಲಿ ಜಪಾನಿನ ದಂತ್ಯ ‘ತ’ಕಾರ ಕನ್ನಡದಲ್ಲಿ ‘ಟ’ಕಾರವಾಗಿದೆ. ಟೊಯೊಟಾದ ಜಪಾನಿ ಉಚ್ಚಾರಣೆ ‘ತೊಯೊತ’.

ಕಲಿಕೆಯ ವಿಧಾನಗಳು

ವರ್ಗೀಕೃತ ಪಟ್ಟಿ, ಪಾಠಾಧಾರಿತ ಕಲಿಕೆ ಮತ್ತು ಅಂತರದ ಪುನರಾವರ್ತನೆ ಎಂಬ ಮೂರು ವಿಧಾನಗಳು ಪ್ರಚಲಿತವಾಗಿವೆ. ಮೊದಲನೆಯದರಲ್ಲಿ ಪದಗಳನ್ನು ಮನೆ, ಆಹಾರ, ಪ್ರಯಾಣ ಮುಂತಾದ ವಿಷಯಗಳಡಿ ಕಲಿಸಲಾಗುತ್ತದೆ. ಎರಡನೆಯದರಲ್ಲಿ ವ್ಯಾಕರಣದ ಪಾಠಗಳೊಂದಿಗೆ ಪದಗಳು ಬರುತ್ತವೆ. 1998ರಲ್ಲಿ ಮೊದಲು ಪ್ರಕಟವಾದ ‘ಮಿನ್ನ ನೊ ನಿಹೊಂಗೊ’ ಈ ಬಗೆಯ ಪಠ್ಯಪುಸ್ತಕ.

ಅಂತರದ ಪುನರಾವರ್ತನೆಯಲ್ಲಿ ಪದವನ್ನು ಮರೆಯುವ ಹೊತ್ತಿಗೆ ಮತ್ತೆ ನೆನಪಿಸಿಕೊಳ್ಳಲಾಗುತ್ತದೆ, ನೆನಪು ಗಟ್ಟಿಯಾದಂತೆ ಅಂತರ ಹೆಚ್ಚುತ್ತದೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಮರೆವಿನ ಅಧ್ಯಯನ ಇದರ ಮೂಲ. ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಇದನ್ನು ಚೀಟಿಗಳ ಪೆಟ್ಟಿಗೆಯ ರೂಪಕ್ಕೆ ತಂದರು. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲನೆಯದಕ್ಕೆ ಮರಳುತ್ತದೆ. 2006ರಲ್ಲಿ ಬಂದ ‘ಅಂಕಿ’ ಎಂಬ ತಂತ್ರಾಂಶ ಇದೇ ತತ್ತ್ವದ್ದು. ಜಪಾನಿಯಲ್ಲಿ ಆ ಪದಕ್ಕೆ ಬಾಯಿಪಾಠ ಎಂದರ್ಥ.

ಒಂದು ಚೀಟಿಯಲ್ಲಿ ಒಂಟಿ ಪದಕ್ಕಿಂತ ಚಿಕ್ಕ ವಾಕ್ಯವಿರುವುದು ಉಪಯುಕ್ತ. ‘ನೊಮು’ ಪದಕ್ಕೆ ‘ಮಿಜ಼ು ಒ ನೊಮಿಮಸು’ (ನೀರು ಕುಡಿಯುತ್ತೇನೆ), ‘ಕುಸುರಿ ಒ ನೊಮಿಮಸು’ (ಔಷಧ ತೆಗೆದುಕೊಳ್ಳುತ್ತೇನೆ) ಎಂಬ ಎರಡು ವಾಕ್ಯಗಳನ್ನು ಬರೆದರೆ ‘ಒ’ ಪ್ರತ್ಯಯ, ಸಭ್ಯ ಕ್ರಿಯಾರೂಪ, ಮಾತ್ರೆ ನುಂಗುವುದಕ್ಕೂ ‘ನೊಮು’ವೇ ಬರುತ್ತದೆ ಎಂಬ ಪ್ರಯೋಗ ಮೂರೂ ಒಟ್ಟಿಗೆ ಸಿಗುತ್ತವೆ. ಕಂಜಿಯನ್ನು ಪದಕುಟುಂಬವಾಗಿ ಕಲಿಯುವುದೂ ರೂಢಿಯಲ್ಲಿದೆ. ಕಲಿಕೆ ಎಂಬರ್ಥದ ‘ಗಕು’ ಅಕ್ಷರ ಗಕುಸೇ (ವಿದ್ಯಾರ್ಥಿ), ಗಕ್ಕೋ (ಶಾಲೆ), ದೈಗಕು (ವಿಶ್ವವಿದ್ಯಾಲಯ), ಸೂಗಕು (ಗಣಿತ) ಪದಗಳಲ್ಲಿ ಬರುತ್ತದೆ.

ಪರೀಕ್ಷೆಗಳು

ಜಪಾನ್ ಫೌಂಡೇಶನ್ ಮತ್ತು ಜಪಾನಿನ ಅಂತರರಾಷ್ಟ್ರೀಯ ಶಿಕ್ಷಣ ಬೆಂಬಲ ಸಂಸ್ಥೆಯೊಂದು ಸೇರಿ ನಡೆಸುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ (ಜೆಎಲ್‌ಪಿಟಿ) 1984ರಲ್ಲಿ ಸುಮಾರು 7,000 ಅಭ್ಯರ್ಥಿಗಳೊಂದಿಗೆ ಆರಂಭವಾಯಿತು. ಮೊದಲು ನಾಲ್ಕು ಹಂತಗಳಿದ್ದವು. ಆಗ ಆರಂಭಿಕ ಹಂತಕ್ಕೆ ಸುಮಾರು 800 ಪದ ಮತ್ತು 100 ಕಂಜಿ, ಮುಂದಿನದಕ್ಕೆ 1,500 ಪದ ಮತ್ತು 300 ಕಂಜಿ, ಅದರ ಮೇಲಿನದಕ್ಕೆ 6,000 ಪದ ಮತ್ತು 1,000 ಕಂಜಿ, ಅತ್ಯುನ್ನತ ಹಂತಕ್ಕೆ 10,000 ಪದ ಮತ್ತು 2,000 ಕಂಜಿ ಎಂಬ ಮಾನದಂಡವಿತ್ತು. 2010ರಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಾದವು. ಅಂದಿನಿಂದ ಅಧಿಕೃತ ಪದಪಟ್ಟಿ ಪ್ರಕಟವಾಗುತ್ತಿಲ್ಲ. ಈಗ ಹಂತವಾರು ಎಂದು ಸಿಗುವ ಪಟ್ಟಿಗಳು ಹಳೆಯ ಮಾನದಂಡವನ್ನೂ ಪ್ರಶ್ನಪತ್ರಿಕೆಗಳನ್ನೂ ಆಧರಿಸಿದ ಅಂದಾಜುಗಳು. ಪರೀಕ್ಷೆಯಲ್ಲಿ ಪದ–ವ್ಯಾಕರಣ, ಓದು, ಆಲಿಸುವಿಕೆ ಭಾಗಗಳಿವೆ. ಮಾತಾಡುವ ಮತ್ತು ಬರೆಯುವ ಭಾಗಗಳಿಲ್ಲ. ಎನ್5ರಲ್ಲಿ ತೇರ್ಗಡೆಗೆ ಒಟ್ಟು 180ರಲ್ಲಿ 80 ಅಂಕಗಳ ಜೊತೆಗೆ ಭಾಗವಾರು ಕನಿಷ್ಠ ಅಂಕವೂ ಬೇಕು.

ಜಪಾನ್ 2019ರ ಏಪ್ರಿಲ್‌ನಲ್ಲಿ ಜಾರಿಗೆ ತಂದ ‘ನಿರ್ದಿಷ್ಟ ಕೌಶಲ’ ವೀಸಾ ವ್ಯವಸ್ಥೆಯಲ್ಲಿ ದುಡಿಯಲು ಹೋಗುವವರು ಸಾಮಾನ್ಯವಾಗಿ ಎನ್4 ಅಥವಾ ಜಪಾನ್ ಫೌಂಡೇಶನ್‌ನ ಮೂಲಭೂತ ಜಪಾನಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಈ ವ್ಯವಸ್ಥೆಗೆ ಸಂಬಂಧಿಸಿದ ಸಹಕಾರ ಒಪ್ಪಂದಕ್ಕೆ ಭಾರತ ಮತ್ತು ಜಪಾನ್ 2021ರ ಜನವರಿಯಲ್ಲಿ ಸಹಿ ಹಾಕಿದವು.

ಕರ್ನಾಟಕದಲ್ಲಿ

ಕರ್ನಾಟಕಕ್ಕೂ ಜಪಾನಿಗೂ ಕೈಗಾರಿಕೆಯ ನಂಟು ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯ 1898ರಲ್ಲಿ ಜಪಾನಿಗೆ ಭೇಟಿ ಕೊಟ್ಟಿದ್ದರು. ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಸ್ಥಾಪಿಸಿದ ರೇಷ್ಮೆ ಕೇಂದ್ರಕ್ಕೆ ಜಪಾನಿ ತಜ್ಞರ ನೆರವಿತ್ತು. ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ದ್ವಿತಳಿ ರೇಷ್ಮೆಗಾಗಿ ಜಪಾನಿನ ತಾಂತ್ರಿಕ ನೆರವು 1990ರ ದಶಕದಲ್ಲಿ ದೊರೆಯಿತು.

ಟೊಯೊಟಾ ಕಿರ್ಲೋಸ್ಕರ್ ಮೋಟರ್ 1997ರಲ್ಲಿ ಬಿಡದಿಯಲ್ಲಿ ಸ್ಥಾಪನೆಯಾಯಿತು. ಅದರ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಗ್ರಾಮೀಣ ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತಿದೆ. ಹೊಂಡಾ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಆರಂಭವಾಯಿತು. ಇಂಥ ಕಾರ್ಖಾನೆಗಳ ಮೂಲಕ ಕೈಜ಼ೆನ್ (ನಿರಂತರ ಸುಧಾರಣೆ), ಗೆಂಬ (ಕೆಲಸ ನಡೆಯುವ ಜಾಗ), ಕಂಬನ್ (ಸೂಚನಾ ಚೀಟಿ), ಮುದ (ವ್ಯರ್ಥ) ಪದಗಳು ಜಪಾನಿ ಕಲಿಯದ ಕನ್ನಡ ಕಾರ್ಮಿಕರ ಮಾತಿಗೂ ಬಂದಿವೆ. ‘5ಎಸ್’ ಎಂಬುದು ಸೇರಿ (ಬೇಕು–ಬೇಡಗಳ ವಿಂಗಡಣೆ), ಸೇತೊನ್ (ಓರಣ), ಸೇಸೋ (ಗುಡಿಸಿ ಒರೆಸುವುದು), ಸೇಕೆತ್ಸು (ಶುಚಿತ್ವದ ಪಾಲನೆ), ಶಿತ್ಸುಕೆ (ಶಿಸ್ತು) ಎಂಬ ಐದು ಪದಗಳ ಸಂಕ್ಷೇಪ.

ಬೆಂಗಳೂರಿನಲ್ಲಿ ವಿಶ್ವವಿದ್ಯಾಲಯಗಳ ವಿದೇಶಿ ಭಾಷಾ ವಿಭಾಗಗಳು ಮತ್ತು ಖಾಸಗಿ ಸಂಸ್ಥೆಗಳು ಜಪಾನಿ ಕಲಿಸುತ್ತವೆ. ನಗರದಲ್ಲಿ ಜಪಾನಿನ ಕಾನ್ಸುಲೇಟ್ ಜನರಲ್ ಕಚೇರಿಯಿದೆ, ‘ಜಪಾನ್ ಹಬ್ಬ’ ಎಂಬ ಸಾಂಸ್ಕೃತಿಕ ಉತ್ಸವ ನಡೆಯುತ್ತದೆ.

ಮಿತಿಗಳು

ಆವರ್ತನ ಪಟ್ಟಿ ಅದು ಆಧರಿಸಿದ ಪಠ್ಯಕೋಶಕ್ಕೆ ತಕ್ಕಂತೆ ಬದಲಾಗುತ್ತದೆ. ಬರಹದ ಪಟ್ಟಿಯಲ್ಲಿ ಆಡಳಿತ, ಆರ್ಥಿಕತೆಗಳ ಕಂಗೊ ಪದಗಳು ಮೇಲಕ್ಕೆ ಬರುತ್ತವೆ. ಸಂಭಾಷಣೆಯಲ್ಲಿ ಪದೇ ಪದೇ ಬರುವ ‘ಅನೊ’, ‘ಎತ್ತೊ’, ‘ನೆ’, ‘ಯೊ’ ಎಂಬ ಆಡುಮಾತಿನ ಕಿರುಪದಗಳು ಕೆಳಗಿಳಿಯುತ್ತವೆ. ಪಟ್ಟಿಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಕೊಟ್ಟಿದ್ದರೆ ಬಹ್ವರ್ಥವುಳ್ಳ ಮೂಲಪದಗಳ ಪ್ರಯೋಗ ತಿಳಿಯುವುದಿಲ್ಲ. ಗೈರೈಗೊ ಪದಗಳ ಅರ್ಥ ಮೂಲ ಭಾಷೆಯಿಂದ ದೂರ ಸರಿದಿರುವುದೂ ಉಂಟು. ‘ಮನ್‌ಶೊನ್’ ಎಂದರೆ ಬಂಗಲೆಯಲ್ಲ, ಬಹುಮಹಡಿ ಕಟ್ಟಡದ ಮನೆ. ಮರ್ಯಾದೆಯ ರೂಪಗಳ ಆಯ್ಕೆ ಮಾತಾಡುವವರ ಸಂಬಂಧವನ್ನು ಅವಲಂಬಿಸಿರುವುದರಿಂದ ಅದನ್ನು ಎಣಿಕೆಯಿಂದ ನಿರ್ಧರಿಸಲಾಗದು.

ಇಂದಿನ ಸ್ಥಿತಿ

ಕರ್ನಾಟಕದಲ್ಲಿ ಬಳಕೆಯಲ್ಲಿರುವ ಜಪಾನಿ ಪಠ್ಯಪುಸ್ತಕ, ಪದಪಟ್ಟಿ ಮತ್ತು ತಂತ್ರಾಂಶಗಳಲ್ಲಿ ಬಹುಪಾಲು ಇಂಗ್ಲಿಷ್ ವಿವರಣೆಯನ್ನು ಆಧರಿಸಿವೆ. ಇದರಿಂದ ಪ್ರತ್ಯಯ, ಸಂಯುಕ್ತ ಕ್ರಿಯಾಪದ, ಬಂಧುವಾಚಕ, ಹ್ರಸ್ವ–ದೀರ್ಘಗಳಂಥ, ಕನ್ನಡದಲ್ಲಿ ನೇರವಾಗಿ ವಿವರಿಸಬಹುದಾದ ಅಂಶಗಳನ್ನೂ ಇಂಗ್ಲಿಷ್ ಮೂಲಕ ಕಲಿಯಬೇಕಾಗಿದೆ. ಅಂತರ್ಜಾಲದ ತರಗತಿಗಳು ಮತ್ತು ಮೊಬೈಲ್ ತಂತ್ರಾಂಶಗಳಿಂದ ಕಲಿಕೆ ರಾಜಧಾನಿಯ ಹೊರಗೂ ಸಾಧ್ಯವಾಗಿದೆ. ಜೆಎಲ್‌ಪಿಟಿ ವರ್ಷದಲ್ಲಿ ಎರಡು ಬಾರಿ, ಜುಲೈ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಕರ್ನಾಟಕದ ಅಭ್ಯರ್ಥಿಗಳಿಗೆ ರಾಜ್ಯದೊಳಗಿನ ಪರೀಕ್ಷಾ ಕೇಂದ್ರ ಬೆಂಗಳೂರು.